ಉರಿಗಾಂನ ಕಾಗದಪತ್ರಗಳು

ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಉರಿಗಾಂ ಎಂಬ ಊರು ಸರ್ಕಾರಿ ಕಾಗದಗಳಲ್ಲಿ ಕಾಣಿಸಿಕೊಂಡದ್ದು ಕಂಪನಿಗಳ ಗಣಿಗಾರಿಕೆ ಶುರುವಾಗುವುದಕ್ಕೆ ಮುಕ್ಕಾಲು ಶತಮಾನ ಮೊದಲು. ಟಿಪ್ಪುವಿನ ಪತನದ ನಂತರ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯಲ್ಲಿ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರೆನ್ ಸಹಾಯಕನಾಗಿದ್ದ. 1802ರಲ್ಲಿ ರಾಜ್ಯದ ಪೂರ್ವ ಗಡಿ ಗುರುತಿಸುತ್ತಾ ಬಂದವನಿಗೆ ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಸಿಕ್ಕಿತು. ತೋರಿಸಿದವರಿಗೆ ಇನಾಮು ಕೊಡುವುದಾಗಿ ಹೇಳಿದ. ಹಳ್ಳಿಯವರು ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೆಗೆದರು. ಉರಿಗಾಂನಲ್ಲಿ ಹೆಂಗಸರು ಮಣ್ಣು ತೊಳೆಯುವುದನ್ನೂ ಮಾರಿಕುಪ್ಪಂನಲ್ಲಿ ಜನ ಗುಂಡಿಗಳಿಗಿಳಿದು ಕಲ್ಲು ತೆಗೆಯುವುದನ್ನೂ ನೋಡಿ ಅವನು ಬರೆದಿಟ್ಟ ವರದಿ 1804ರಲ್ಲಿ ಅಚ್ಚಾಯಿತು. ಕೆಲಸದ ಬಗೆಯನ್ನು ಅಷ್ಟು ಆಸ್ಥೆಯಿಂದ ಬರೆದವನು ಕೆಲಸ ಮಾಡುತ್ತಿದ್ದವರ ಹೆಸರುಗಳನ್ನು ನಮಗೆ ಬಿಟ್ಟುಹೋಗಿಲ್ಲ. ಮುಂದಿನ ಇನ್ನೂರು ವರ್ಷ ಈ ಊರಿನ ದಾಖಲೆಗಳೆಲ್ಲ ಹಿಡಿದದ್ದು ಇದೇ ದಾರಿಯನ್ನು.

ಸರ್ವೆಯ ಜೊತೆಗೇ ಮೆಕೆಂಜಿ ಕೂಡಿಸಿದ ಕಾಗದಪತ್ರಗಳ ಸಂಗ್ರಹ ಇಂದು ಎರಡು ದೇಶಗಳಲ್ಲಿ ಹಂಚಿಹೋಗಿದೆ. ಇಂಗ್ಲಿಷ್ ಕಾಗದಗಳ ದೊಡ್ಡ ಭಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕನ್ನಡ, ತೆಲುಗು, ತಮಿಳು ಕೈಫಿಯತ್ತುಗಳು, ಅಂದರೆ ಊರುಗಳ ಸ್ಥಳೀಯ ಚರಿತ್ರೆಗಳು, ಹೆಚ್ಚಾಗಿ ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಊರೂರು ತಿರುಗಿ ಇವನ್ನು ಕೂಡಿಸಿದವರು ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮೊದಲಾದ ದೇಶೀಯ ಸಹಾಯಕರು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಓದುಗರ ಕೈಗೆ ಕೊಟ್ಟದ್ದು ದೊಡ್ಡ ಉಪಕಾರ.

ಎರಡನೆಯ ಹಂತದ ಕಾಗದಗಳು ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ಲೆಯಿಂದ ಆರಂಭವಾಗುತ್ತವೆ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಗೆ ಹೆಸರು ಬಂದದ್ದು ಇವನಿಂದಲೇ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ನಿವೃತ್ತನಾಗಿ ದಂಡಿನಲ್ಲಿ ನೆಲೆಸಿದ್ದ ಈ ಐರಿಷ್ ಸಿಪಾಯಿ ವಾರೆನ್ನನ ಹಳೆಯ ಬರಹ ಓದಿಯೇ ಕೋಲಾರಕ್ಕೆ ಹೊರಟ ಎನ್ನುತ್ತಾರೆ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1875ರ ಫೆಬ್ರವರಿಯಿಂದ 20 ವರ್ಷದ ಪರವಾನಗಿ ದೊರೆಯಿತು. ಅದೇ ವರ್ಷ ಉರಿಗಾಂ ಬಳಿ ಅವನು ಬಾವಿ ತೋಡಿಸಿದ. ಬಂಡವಾಳ ಸಾಲದೆ ಹಕ್ಕನ್ನು ಬೆರೆಸ್‌ಫರ್ಡ್ ಎಂಬ ಸೇನಾಧಿಕಾರಿಗೆ ಬಿಟ್ಟುಕೊಟ್ಟ. 1880ರಿಂದ ಲಂಡನ್ನಿನ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆಯ ಕಾಲ.

ಅಲ್ಲಿಂದ ಮುಂದಕ್ಕೆ ಕಾಗದಕ್ಕೆ ಬರವಿಲ್ಲ. ರಾಜಧನದ ಲೆಕ್ಕ, ಶಿವನಸಮುದ್ರದಿಂದ 1902ರಲ್ಲಿ ಬಂದ ವಿದ್ಯುತ್ತು, ಕಳ್ಳಚಿನ್ನದ ಕಾನೂನು, ಎಲ್ಲಕ್ಕೂ ಕಡತಗಳಿವೆ. ಮೈಸೂರು ಸರ್ಕಾರದ ಹಳೆಯ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವೇ ಮನೆ. ಕೂಲಿಗಳ ದನಿಯೂ ಅಲ್ಲಿ ಕೇಳಿಸುತ್ತದೆ, ಆದರೆ ಗಲಾಟೆಯಾದಾಗ ಮಾತ್ರ, ಅದೂ ಅಧಿಕಾರಿಗಳ ಟಿಪ್ಪಣಿಯ ಮೂಲಕ. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಂಪನಿಗಳ ಕಟ್ಟಳೆಯ ವಿರುದ್ಧ ಸಾವಿರಾರು ಗಣಿ ಕೆಲಸಗಾರರು ಮುಷ್ಕರ ಹೂಡಿದರು. ಕಂಪನಿಗಳು ಆ ಕಟ್ಟಳೆಯನ್ನು ಕೈಬಿಡಬೇಕಾಯಿತು. ಇತಿಹಾಸಕಾರ್ತಿ ಜಾನಕಿ ನಾಯರ್ ಕೆಜಿಎಫ್ ಮತ್ತು ಬೆಂಗಳೂರಿನ ಕಾರ್ಮಿಕರ ಕುರಿತು 1998ರಲ್ಲಿ ಪುಸ್ತಕ ಬರೆದಾಗ ಇಂಥ ಕಡತಗಳನ್ನು ಅಧಿಕಾರಿಗಳ ದೃಷ್ಟಿಗೆ ಎದುರಾಗಿ ಓದಿದರು. ಪತ್ರಾಗಾರವನ್ನು ಬಳಸುವ ಬಗೆ ಅದು.

ಕೆಲಸಗಾರರು ಬರೆಯಲಿಲ್ಲ ಎಂಬ ಮಾತು ಮಾತ್ರ ಸುಳ್ಳು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಮನೆಮಾತಿನ ದಲಿತ ಕುಟುಂಬಗಳಲ್ಲಿ ಓದುಬರಹ ಬಲ್ಲವರಿದ್ದರು. ತಮಿಳು ಬೌದ್ಧ ಚಿಂತಕ ಪಂಡಿತ ಅಯೋತ್ತಿದಾಸರು 1907ರಿಂದ 1914ರಲ್ಲಿ ತೀರಿಕೊಳ್ಳುವವರೆಗೆ ಮದ್ರಾಸಿನಿಂದ ನಡೆಸಿದ ‘ತಮಿಳನ್’ ವಾರಪತ್ರಿಕೆಗೆ ಚಿನ್ನದ ಗಣಿಯಲ್ಲಿ ಓದುಗರೂ ಬರಹಗಾರರೂ ಇದ್ದರು. ಮಾರಿಕುಪ್ಪಂನಲ್ಲಿ ಅವರ ಬೌದ್ಧ ಸಂಘದ ಶಾಖೆಯಿತ್ತು. ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುಸ್ತಕಾಲಯ ಅವರ ಬರಹಗಳನ್ನು ಪುಸ್ತಕವಾಗಿ ಹೊರತಂದಿತು. ಭೂಮಿಯೊಳಗೆ ದುಡಿದವರ ಊರಿನಲ್ಲೇ ಪುಸ್ತಕ ಪ್ರಕಟವಾದ ಈ ಸಂಗತಿ ಕನ್ನಡ ಓದುಗರಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ಅಚ್ಚಾದದ್ದು ಹೇಗೋ ಉಳಿಯಿತು. ಕೈಯಲ್ಲಿ ಬರೆದದ್ದು, ಊರಿಗೆ ಹಾಕಿದ ಕಾರ್ಡು, ಸಂಘದ ನಡಾವಳಿ ಪುಸ್ತಕ, ಮನಿಯಾರ್ಡರಿನ ರಸೀದಿ, ಇವು ಯಾವ ಸೂಚಿಯಲ್ಲೂ ಸೇರದೆ ಮನೆಗಳಲ್ಲೇ ಉಳಿದವು.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. ಅವನ್ನು ಕೊನೆಗೆ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಕಂಪನಿ 2001ರ ಫೆಬ್ರವರಿ 28ರಂದು ಮುಚ್ಚಿತು. 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ನೆಲದ ಜನ ಕೆಲಸ ಹುಡುಕಿ ದಿನಾ ಬೆಂಗಳೂರಿನ ರೈಲು ಹತ್ತಿದರು. ಮನೆ ಬದಲಾಯಿಸುವಾಗ ಮೊದಲು ರದ್ದಿಗೆ ಹೋಗುವುದು ಹಳೆಯ ಟ್ರಂಕಿನ ಕಾಗದ. ಕಾರ್ಮಿಕರ ಸಾಲು ಮನೆಗಳ ಸೋರುವ ಛಾವಣಿ, ಗೆದ್ದಲು, ಕಾಗದವನ್ನೇ ತಿನ್ನುವ ಹಳೆಯ ಕಬ್ಬಿಣದ ಶಾಯಿ, ಇವು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಅಧಿಕಾರಿಗಳ ಕಾಗದಕ್ಕೆ ಲಂಡನ್ನೂ ಬೆಂಗಳೂರೂ ಇರುವಾಗ ದುಡಿದವರ ಕಾಗದಕ್ಕೆ ಉರಿಗಾಂನಲ್ಲಿ ಒಂದು ಕೋಣೆಯಾದರೂ ಬೇಕು. ಇದು ಸರ್ಕಾರ ಮಾಡಬೇಕಾದ ಕೆಲಸ. ವಿಶ್ವವಿದ್ಯಾಲಯವಿರುವ ಜಿಲ್ಲೆಗೆ ಅದು ಅಸಾಧ್ಯವೂ ಅಲ್ಲ.

ಅಲ್ಲಿಯವರೆಗೆ ಕಾಯುವ ಹೊಣೆ ಮನೆಯವರದು. ಹಳೆಯ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬಾರದು, ಸೆಲೋಟೇಪ್ ಹಚ್ಚಬಾರದು, ಪಿನ್ನು ತುಕ್ಕು ಹಿಡಿದಿದ್ದರೆ ಮೆಲ್ಲಗೆ ತೆಗೆಯಬೇಕು. ಅಂಚೆಮುದ್ರೆಯಿರುವ ಲಕೋಟೆಯನ್ನು ಪತ್ರದ ಜೊತೆಗೇ ಇಡಬೇಕು, ಎಷ್ಟೋ ಸಲ ತಾರೀಖು ತಿಳಿಯುವುದು ಅದರಿಂದಲೇ. ಕಟ್ಟು ಇದ್ದ ಕ್ರಮದಲ್ಲೇ ಇರಲಿ. ಬರೆದವರು ಯಾರು, ಯಾರಿಗೆ ಎಂಬುದು ನೆನಪಿರುವ ಹಿರಿಯರಿದ್ದರೆ ಈಗಲೇ ಕೇಳಿ ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿಡಬೇಕು. ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಬೇಕು. ತಮಿಳಾಗಲಿ, ತೆಲುಗಾಗಲಿ, ಕನ್ನಡವಾಗಲಿ, ಗಣಿಯ ಸಂಬಂಧದ ಕಾಗದ ಮನೆಯಲ್ಲಿದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ.