ಎಣಿಕೆಯೂ ಹಿರಿಮೆಯೂ

ಕಣದಲ್ಲಿ ರಾಶಿ ಮಾಡಿದ ರಾಗಿಯನ್ನು ಕೊಳಗದಿಂದ ಅಳೆಯಬಹುದು. ವಿದ್ವತ್ತನ್ನು ಅಳೆಯುವುದಕ್ಕೆ ಯಾವ ಕೊಳಗವುಂಟು? ನಮ್ಮ ಕಾಲವು ಇದಕ್ಕೊಂದು ಸುಲಭವಾದ ಉತ್ತರವನ್ನು ಕಂಡುಕೊಂಡಿದೆ. ಸಂಶೋಧಕನು ಎಷ್ಟು ಲೇಖನಗಳನ್ನು ಪ್ರಕಟಿಸಿದನು, ಅವುಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದರು ಎಂದು ಲೆಕ್ಕಹಾಕಿ, ಬಂದ ಅಂಕಿಯನ್ನೇ ಅವನ ಯೋಗ್ಯತೆಯೆಂದು ತಿಳಿಯುವುದೇ ಆ ಉತ್ತರ. 1964ರಲ್ಲಿ ಯೂಜೀನ್ ಗಾರ್ಫೀಲ್ಡ್ ಎಂಬವರು ವಿಜ್ಞಾನ ಲೇಖನಗಳ ಉಲ್ಲೇಖಸೂಚಿಯನ್ನು ಹೊರತಂದದ್ದು ಬೇಕಾದ ಲೇಖನವನ್ನು ಹುಡುಕಲು ನೆರವಾಗಲೆಂದು. ಹುಡುಕುವ ಸಾಧನವೇ ಕ್ರಮೇಣ ತೂಗುವ ತಕ್ಕಡಿಯಾಯಿತು. ಈ ತಕ್ಕಡಿ ನ್ಯಾಯವಾದುದೇ? ಆಣ್ವಿಕ ಜೀವವಿಜ್ಞಾನದ ಹಿರಿಯರೊಬ್ಬರ ಬಾಳ್ವೆಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಫ್ರೆಡರಿಕ್ ಸ್ಯಾಂಗರರು 1918ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. 1943ರ ಸುಮಾರಿಗೆ ಕೇಂಬ್ರಿಜ್‌ನಲ್ಲಿ ಇನ್ಸುಲಿನ್ ಎಂಬ ಪ್ರೋಟೀನನ್ನು ಕೈಗೆತ್ತಿಕೊಂಡು, ಅದರ 51 ಅಮೈನೋ ಆಮ್ಲಗಳು ಯಾವ ಕ್ರಮದಲ್ಲಿ ಪೋಣಿಸಿಕೊಂಡಿವೆ ಎಂಬುದನ್ನು ಬಿಡಿಸಲು ಸುಮಾರು 12 ವರ್ಷ ದುಡಿದರು. ಪ್ರತಿಯೊಂದು ಪ್ರೋಟೀನಿಗೂ ಅದರದೇ ಆದ ನಿಶ್ಚಿತ ಕ್ರಮವಿದೆಯೆಂಬುದಕ್ಕೆ ಈ ಕೆಲಸ ಅಡಿಗಲ್ಲಾಯಿತು. 1958ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇನ್ಸುಲಿನ್ ಮುಗಿದ ಮೇಲೆ ಬಂದ ಕೆಲವು ವರ್ಷಗಳನ್ನು ಸ್ಯಾಂಗರರೇ ಬರಗಾಲದ ವರ್ಷಗಳೆಂಬಂತೆ ನೆನೆದಿದ್ದಾರೆ. ಹಿಡಿದ ಪ್ರಯೋಗಗಳು ಫಲ ಕೊಡಲಿಲ್ಲ. ಹೇಳಿಕೊಳ್ಳುವಂಥ ಪ್ರಕಟಣೆಗಳೂ ಹೆಚ್ಚಿರಲಿಲ್ಲ. ಆದರೂ ಅವರು ದಾರಿ ಬಿಡಲಿಲ್ಲ. ಮೊದಲು ಆರ್.ಎನ್.ಎ., ಆಮೇಲೆ ಡಿ.ಎನ್.ಎ. ಎಂದು ಹೆಜ್ಜೆಹೆಜ್ಜೆಯಾಗಿ ಮುಂದುವರಿದು, 1977ರಲ್ಲಿ ಡಿ.ಎನ್.ಎ.ಯ ಅಕ್ಷರಗಳನ್ನು ಓದುವ ವಿಧಾನವನ್ನು ಪ್ರಕಟಿಸಿದರು. ಬೆಳೆಯುತ್ತಿರುವ ಡಿ.ಎನ್.ಎ. ಎಳೆಯು ಗೊತ್ತಾದ ಅಕ್ಷರದಲ್ಲಿ ನಿಲ್ಲುವಂತೆ ಮಾಡಿ, ನಿಂತ ತುಂಡುಗಳ ಉದ್ದದಿಂದ ಅಕ್ಷರಗಳ ಕ್ರಮವನ್ನು ತಿಳಿಯುವುದೇ ಅದರ ಗುಟ್ಟು. 1980ರಲ್ಲಿ ಎರಡನೆಯ ನೊಬೆಲ್ ಬಂದಿತು. 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆಯೂ ಮುಖ್ಯವಾಗಿ ಇದೇ ವಿಧಾನವನ್ನು ನಂಬಿ ನಡೆಯಿತು. 1983ರಲ್ಲಿ ನಿವೃತ್ತರಾದ ಸ್ಯಾಂಗರರು ಹೂದೋಟದ ಕೆಲಸಕ್ಕೆ ಹೊರಟುಹೋದರು. 'ಸರ್' ಪದವಿಯನ್ನೂ ಒಲ್ಲೆನೆಂದಿದ್ದರು.

2013ರಲ್ಲಿ ಅವರು ತೀರಿಕೊಂಡ ಬಳಿಕ, ಇಂದಿನ ವಿಜ್ಞಾನಲೋಕದಲ್ಲಿ ಇಂಥವರು ಉಳಿಯಲಾರರು ಎಂದು ಅವರ ಸಹೋದ್ಯೋಗಿ ಸಿಡ್ನಿ ಬ್ರೆನ್ನರ್ ಬರೆದರು. ಮಾತು ಕಹಿಯಾದರೂ ನಿಜ. ಬರಗಾಲದ ಆ ವರ್ಷಗಳಲ್ಲಿ ಯಾರಾದರೂ ಲೇಖನಗಳನ್ನಷ್ಟೇ ಎಣಿಸಿ ಸ್ಯಾಂಗರರ ಪ್ರಯೋಗಾಲಯದ ಬಾಗಿಲು ಮುಚ್ಚಿದ್ದರೆ ಲೋಕಕ್ಕೆ ಆಗುತ್ತಿದ್ದ ನಷ್ಟವೆಷ್ಟು!

ಉಲ್ಲೇಖಗಳ ಎಣಿಕೆಯೇನೂ ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದು ಬೇರೆಯೇ ಸಂಗತಿ. 2014ರಲ್ಲಿ ಪ್ರಕಟವಾದ ಒಂದು ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಲ್ಲೇಖ ಪಡೆದುದು, ಪ್ರೋಟೀನಿನ ಪ್ರಮಾಣವನ್ನು ಅಳೆಯುವ ಬಗೆಯನ್ನು ಕುರಿತು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಲೇಖನ. ಅದರ ಉಲ್ಲೇಖಗಳು 3 ಲಕ್ಷಕ್ಕೂ ಮಿಗಿಲು. ಅದು ಮಹತ್ತಾದ ಲೇಖನವಲ್ಲವೆಂದು ಲೌರಿಯವರೇ ಒಪ್ಪಿದ್ದರು. ಸ್ಯಾಂಗರರ 1977ರ ಲೇಖನ ನಾಲ್ಕನೆಯದು. ಡಿ.ಎನ್.ಎ.ಯ ಜೋಡಿಸುರುಳಿಯನ್ನು ತಿಳಿಸಿದ ವಾಟ್ಸನ್ ಮತ್ತು ಕ್ರಿಕ್‌ರ 1953ರ ಲೇಖನವಾದರೋ ಮೊದಲ ನೂರರಲ್ಲಿಯೇ ಇಲ್ಲ! ಉಪಯೋಗ ಬೇರೆ, ಹಿರಿಮೆ ಬೇರೆ. ಅಡಿಗೆಮನೆಯಲ್ಲಿ ದಿನವೂ ಕೈಗೆ ಬರುವುದು ಸೌಟು. ಆದಕಾರಣ ಬೆಂಕಿಗಿಂತ ಸೌಟು ದೊಡ್ಡದೆನ್ನಬಹುದೇ?

ಎಣಿಕೆಯೇ ಬೇಡವೆಂದರೆ ಶಿಫಾರಸು, ಸ್ವಜನಪಕ್ಷಪಾತಗಳಿಗೆ ಬಾಗಿಲು ತೆರೆದಂತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆ ತಳ್ಳಿಹಾಕುವಂಥದಲ್ಲ. ಯಾರ ಮುಖವನ್ನೂ ನೋಡದ ಅಂಕಿಯು ಬಡ ಸಂಶೋಧಕನಿಗೆ ಆಸರೆಯಾಗುವುದುಂಟು. ಆದರೆ ಅಂಕಿಯು ಸಾಕ್ಷಿಯಾಗಿರಲಿ, ನ್ಯಾಯಾಧೀಶನಾಗಬಾರದು. ತೀರ್ಪು ಕೊಡುವವರು ಲೇಖನವನ್ನು ತೆರೆದು ಓದುವ ಶ್ರಮವನ್ನು ವಹಿಸಲೇಬೇಕು.

ಇದು ದೂರದ ಕೇಂಬ್ರಿಜ್‌ನ ಮಾತು ಮಾತ್ರವಲ್ಲ. 2010ರಲ್ಲಿ ನಮ್ಮ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಧ್ಯಾಪಕರ ನೇಮಕಕ್ಕೂ ಬಡ್ತಿಗೂ ಪ್ರಕಟಣೆಗಳ ಮೇಲೆ ಅಂಕಗಳನ್ನು ಗೊತ್ತುಮಾಡಿತು. ಶಾಸನಗಳನ್ನೋ ಓಲೆಗರಿಗಳನ್ನೋ ವರ್ಷಗಟ್ಟಲೆ ಓದುವ ಕಲಾಶಾಲೆಯ ವಿದ್ವಾಂಸನಿಗೂ ಈ ಕೊಳಗ ತಪ್ಪಿದ್ದಲ್ಲ. ಒಂದು ಪುಸ್ತಕಕ್ಕೆ ಹತ್ತು ವರ್ಷ ಸವೆಸುವುದಕ್ಕಿಂತ ವರ್ಷಕ್ಕೆ ಹತ್ತು ಲೇಖನಗಳನ್ನು ಹೊಸೆಯುವುದೇ ಲಾಭವೆಂದಾದರೆ, ನಾಳೆಯ ವಿದ್ಯಾರ್ಥಿಗಳು ಯಾವುದನ್ನು ಕಲಿತಾರು?

ತಾಳಿದವನು ಬಾಳಿಯಾನು ಎಂಬುದು ನಮ್ಮ ಹಿರಿಯರ ಮಾತು. ಸಂಶೋಧಕನು ತಾಳುವುದಷ್ಟೇ ಸಾಲದು. ಅವನನ್ನು ನಡೆಸಿಕೊಳ್ಳುವ ಸಂಸ್ಥೆಗಳೂ ತಾಳಬೇಕು. ಸ್ಯಾಂಗರರಿಗೆ ಆ ತಾಳ್ಮೆಯ ಆಶ್ರಯ ದೊರಕಿತ್ತು. ನಮ್ಮ ತರುಣರಿಗೂ ಅದು ದೊರಕಲಿ.