ಗಡ್ಡೆ ಹಳದಿ ಚೀಲಕ್ಕೆ, ಔಷಧಿ ಪರದೇಶದಿಂದ

ಇಲಿಯ ಕ್ಯಾನ್ಸರ್ ವಾಸಿ ಮಾಡೋದು ವಿಜ್ಞಾನಿಗಳಿಗೆ ಎಂದೋ ಕರಗತವಾಗಿದೆ. ಕಷ್ಟ ಇರೋದು ಮನುಷ್ಯರದ್ದು. ಪ್ರಾಣಿಗಳ ಮೇಲೆ ಪಾಸಾಗಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ಬರುವ ಕ್ಯಾನ್ಸರ್ ಔಷಧಿಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಅಲ್ಲೇ ಮುಗ್ಗರಿಸುತ್ತವೆ. ಟೆಸ್ಟಿಂಗ್‌ನಲ್ಲಿ ಪಾಸಾದ ಕೋಡ್ ಹತ್ತರಲ್ಲಿ ಒಂಬತ್ತು ಸಲ ಪ್ರೊಡಕ್ಷನ್‌ನಲ್ಲಿ ಕುಸಿದರೆ ನಿಮ್ಮ ಮ್ಯಾನೇಜರ್ ಸುಮ್ಮನಿರ್ತಾರಾ? ಟೆಸ್ಟ್ ಮಾಡೋ ರೀತಿಯನ್ನೇ ಬದಲಾಯಿಸಿ ಅಂತಾರೆ.

ಆ ಬದಲಾವಣೆಯ ಹೆಸರು ಆರ್ಗನಾಯ್ಡ್. 2009ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹಾನ್ಸ್ ಕ್ಲೆವರ್ಸ್ ಮತ್ತು ತೋಶಿರೊ ಸಾಟೊ ಇಲಿಯ ಕರುಳಿನ ಒಂದೇ ಒಂದು ಸ್ಟೆಮ್ ಸೆಲ್‌ನಿಂದ ಪುಟಾಣಿ ಕರುಳನ್ನು ಲ್ಯಾಬಿನಲ್ಲಿ ಬೆಳೆಸಿದರು. ಆಮೇಲೆ ಮನುಷ್ಯರ ಕ್ಯಾನ್ಸರ್ ಗಡ್ಡೆಯ ಸರದಿ. ರೋಗಿಯ ಗಡ್ಡೆಯಿಂದ ಚೂರು ತೆಗೆದು, ಸಾಸಿವೆ ಕಾಳಿಗಿಂತ ಚಿಕ್ಕ ನೂರಾರು ಗಡ್ಡೆಗಳಾಗಿ ಬೆಳೆಸಿ, ಒಂದೊಂದರ ಮೇಲೆ ಒಂದೊಂದು ಔಷಧಿ ಹಾಕಿ ನೋಡೋದು. 2018ರಲ್ಲಿ ಲಂಡನ್ ಸಂಶೋಧಕರು ಬೇರೆ ಅಂಗಗಳಿಗೂ ಹರಡಿದ ಕರುಳು, ಹೊಟ್ಟೆ ಕ್ಯಾನ್ಸರ್‌ಗಳಲ್ಲಿ ಇದನ್ನು ಮಾಡಿದರು. ಆರ್ಗನಾಯ್ಡ್ 'ನಾಟೋದಿಲ್ಲ' ಎಂದ ಔಷಧಿ ರೋಗಿಗೂ ನಾಟಲಿಲ್ಲ. 'ನಾಟುತ್ತೆ' ಎಂದದ್ದು 100ಕ್ಕೆ 88ರಷ್ಟು ನಿಜವಾಯಿತು. ರೋಗಿಗಳ ಸಂಖ್ಯೆ ಸಣ್ಣದು, ಒಪ್ಪಿದೆ. ಆದರೂ ಕೆಲಸಕ್ಕೆ ಬಾರದ ಕೀಮೋವನ್ನು ಆರು ಸುತ್ತು ತಗೊಂಡು, ಕೂದಲೂ ದುಡ್ಡೂ ಕಳ್ಕೊಂಡವರ ಮನೆಯಲ್ಲಿ ಕೇಳಿ, ಆ 'ನಾಟೋದಿಲ್ಲ' ಎಷ್ಟು ಬೆಲೆಬಾಳುತ್ತೆ ಅಂತ.

ಕಾನೂನೂ ದಾರಿ ಬಿಟ್ಟಿದೆ. ಪ್ರಾಣಿ ಪರೀಕ್ಷೆ ಆಗಲೇಬೇಕೆಂಬ 1938ರ ಷರತ್ತನ್ನು ಅಮೆರಿಕ 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ನಮ್ಮ ಕೇಂದ್ರ ಸರ್ಕಾರವೂ 2023ರ ಮಾರ್ಚ್‌ನಲ್ಲಿ ನಿಯಮ ತಿದ್ದಿ ಆರ್ಗನಾಯ್ಡ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಇಲಿಗಳಿಗೆ ಬಿಡುಗಡೆ ಅಂತ ಈಗಲೇ ಸ್ಟೇಟಸ್ ಹಾಕಬೇಡಿ. ಆರ್ಗನಾಯ್ಡ್ ಬೆಳೆಸೋಕೆ ಹೆಚ್ಚಿನ ಕಡೆ ಬಳಸುವ ಜೆಲ್ ಇಲಿಯ ಗಡ್ಡೆಯಿಂದಲೇ ಬರೋದು! ಈ ಪುಟ್ಟ ಗಡ್ಡೆಗೆ ರಕ್ತನಾಳ ಇಲ್ಲ, ಜೊತೆಗೊಂದು ಲಿವರ್ರೂ ಇಲ್ಲ.

ನನ್ನ ತಕರಾರು ಬೇರೆಯದು. ಈ ಪುಟ್ಟ ಗಡ್ಡೆಗಳು ಯಾರವು? ಜಗತ್ತಿನ ಲ್ಯಾಬುಗಳಲ್ಲಿರುವ ಕ್ಯಾನ್ಸರ್ ಜೀವಕೋಶಗಳಲ್ಲಿ ಬಹುಪಾಲು ಯುರೋಪ್ ಮೂಲದವರದ್ದು. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವುದು ಬಾಯಿ ಕ್ಯಾನ್ಸರ್, ಗುಟ್ಕಾ-ತಂಬಾಕಿನ ಕೊಡುಗೆ. ಗಂಗಾ ಬಯಲಿನಲ್ಲಿ ಪಿತ್ತಕೋಶದ ಕ್ಯಾನ್ಸರ್ ಕಾಟ. ಇಂಥ ಗಡ್ಡೆಗಳನ್ನು ನಮ್ಮ ಸರ್ಜನ್‌ಗಳು ದಿನಾ ಕತ್ತರಿಸ್ತಾರೆ. ಅದು ಪೆಥಾಲಜಿಗೆ ಹೋಗುತ್ತೆ, ಕೊನೆಗೆ ಮಿಕ್ಕಿದ್ದು 2016ರ ನಿಯಮದಂತೆ ಹಳದಿ ಚೀಲ ಸೇರಿ ಸುಟ್ಟು ಬೂದಿಯಾಗುತ್ತೆ. ಟಾಟಾ ಮೆಮೋರಿಯಲ್, ಐಐಟಿ ಮದ್ರಾಸ್‌ನಂಥ ಕಡೆ ಗಡ್ಡೆ ಬ್ಯಾಂಕುಗಳಿವೆ ನಿಜ. ಆದರೆ ಆರ್ಗನಾಯ್ಡ್ ಬೆಳೆಸೋಕೆ ಜೀವಂತ ಅಂಗಾಂಶ ಬೇಕು, ಅದು ಬೇಗ ಲ್ಯಾಬ್ ತಲುಪಬೇಕು. ನಮ್ಮ ಜಿಲ್ಲಾ ಕೇಂದ್ರದ ಆಪರೇಷನ್ ಥಿಯೇಟರ್‌ನಿಂದ ಆ ದಾರಿ ಎಲ್ಲಿದೆ? ನಾಳೆ ಪರರ ಗಡ್ಡೆಯ ಮೇಲೆ ಪರೀಕ್ಷೆಯಾದ ಔಷಧಿಯನ್ನು ಲಕ್ಷಗಟ್ಟಲೆ ಸುರಿದು ನಾವೇ ತರಿಸಿಕೊಳ್ತೀವಿ.

ಹಾಗಂತ ಕೇಳದೆ ತಗೊಳ್ಳಿ ಅಂತಿಲ್ಲ. 1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕಂಠದ ಗಡ್ಡೆಯ ಚೂರನ್ನು ಆಕೆಯನ್ನು ಕೇಳದೆ ತೆಗೆದರು. ಆ ಜೀವಕೋಶಗಳಿಂದ ಕಂಪನಿಗಳು ದುಡ್ಡು ಮಾಡಿದವು. ಒಂದು ಕಂಪನಿ ಆಕೆಯ ಕುಟುಂಬದ ಜೊತೆ ರಾಜಿಗೆ ಬಂದದ್ದು 2023ರಲ್ಲಿ! ನಮಗೆ ಬೇಕಿರೋದು ಕೇಳಿ ಪಡೆಯುವ ವ್ಯವಸ್ಥೆ. ಫಾರಂ ಕನ್ನಡದಲ್ಲಿರಲಿ. ಏನಕ್ಕೆ ಬಳಸ್ತೀರಿ, ಲಾಭ ಬಂದರೆ ಯಾರಿಗೆ, ಬೇಡ ಅನ್ನಿಸಿದರೆ ಹಿಂದೆ ಸರಿಯೋದು ಹೇಗೆ, ಮೂರೂ ಅದರಲ್ಲಿರಲಿ.

ನನ್ನ ಸೋದರಮಾವನ ಆಪರೇಷನ್‌ಗೆ ಹತ್ತಾರು ಕಡೆ ಸಹಿ ಹಾಕಿದ್ದು ನಾನು. ಎಲ್ಲ ಇಂಗ್ಲಿಷು. ಬಿಲ್ಲಿನ ಜವಾಬ್ದಾರಿಗೆ ಎರಡು ಪುಟ ಇತ್ತು, ತೆಗೆದ ಗಡ್ಡೆ ಏನಾಗುತ್ತೆ ಅನ್ನೋದಕ್ಕೆ ಒಂದು ಸಾಲೂ ಇರಲಿಲ್ಲ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಿದ್ದರೆ ಆಸ್ಪತ್ರೆ ಫಾರಂ ತುಂಬೋರು ನೀವೇ, ಅಂದರೆ ಇಂಗ್ಲಿಷ್ ಬಲ್ಲ ಮಗ, ಸೊಸೆ, ಅಳಿಯ. ಮುಂದಿನ ಸಲ ಪೆನ್ ಎತ್ತುವ ಮುಂಚೆ ಕೇಳಿ: ಉಳಿದದ್ದನ್ನ ಏನ್ ಮಾಡ್ತೀರಿ ಸಾರ್? ಸಂಶೋಧನೆಗೆ ಕೊಡಬಹುದಾ? ಹತ್ತು ಜನ ಕೇಳಿದರೆ ಆಸ್ಪತ್ರೆ ನಗುತ್ತೆ. ಹತ್ತು ಸಾವಿರ ಜನ ಕೇಳಿದರೆ ಫಾರಂ ಬದಲಾಗುತ್ತೆ.