ಇಳಿಜಾರನ್ನು ನಂಬಿದ ಜೀಪು

ನಮ್ಮ ಕಡೆಯ ಬೆಳೆಗಾರರ ಮನೆಗಳಲ್ಲಿ ಜೀಪು ಎಲ್ಲಿ ನಿಂತಿರುತ್ತದೆಂಬುದನ್ನು ಗಮನಿಸಿದ್ದೀರಾ? ಶೆಡ್ಡು ಇದ್ದರೂ ಗಾಡಿ ಶೆಡ್ಡಿನಲ್ಲಿರುವುದಿಲ್ಲ. ಅಂಗಳದ ತುದಿಯಲ್ಲಿ, ಇಳುಕಲಿಗೆ ಮೂತಿ ಮಾಡಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿರುತ್ತಾರೆ. ಕಾರಣ ಕೇಳಿದರೆ, "ಒಂದೊಂದು ದಿನ ಸೆಲ್ಫ್ ಹೊಡೆಯೋದಿಲ್ಲ ಮಾರಾಯ್ರೆ, ಇಳಿಜಾರಿನಲ್ಲಿದ್ದರೆ ಚಿಂತೆಯಿಲ್ಲ" ಎಂಬ ಉತ್ತರ ಬರುತ್ತದೆ. ಈ ಇಳಿಜಾರಿನ ಭರವಸೆಯೇ ನಮ್ಮ ಹಳೆಯ ವಾಹನಗಳ ಕಾಯಿಲೆ ವಾಸಿಯಾಗದಿರುವುದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ದಿನವೂ ಹೊರಡದ ಗಾಡಿಯನ್ನು ರಿಪೇರಿ ಮಾಡುವುದು ಸುಲಭ. ಒಂದು ದಿನ ಹೊರಟು ಇನ್ನೊಂದು ದಿನ ಹಟ ಹಿಡಿಯುವ ಗಾಡಿ ಮಾತ್ರ ಪೇಟೆಯ ಗ್ಯಾರೇಜಿನ ಮುಂದೆ ನಿಂತೊಡನೆ ಸಾಧುಪ್ರಾಣಿಯಾಗಿಬಿಡುತ್ತದೆ. ಮೆಕ್ಯಾನಿಕ್ ಹತ್ತು ಸಲ ಕೀಲಿ ತಿರುಗಿಸಿದರೆ ಹತ್ತು ಸಲವೂ ಹೊರಡುತ್ತದೆ. ಅವನಾದರೂ ಏನು ಮಾಡಿಯಾನು? ಅಂದಾಜಿನ ಮೇಲೆ ಒಂದೊಂದೇ ಸಾಮಾನು ಬದಲಾಯಿಸುತ್ತಾನೆ. ನಮ್ಮ ನೆರೆಯ ಬೆಳೆಗಾರರೊಬ್ಬರ ಡೀಸೆಲ್ ಜೀಪಿಗೆ ಒಂದೇ ಮಳೆಗಾಲದಲ್ಲಿ ಹೊಸ ಬ್ಯಾಟರಿ ಬಂತು, ಸೆಲ್ಫ್ ಮೋಟಾರು ಬಿಚ್ಚಿ ಬುಶ್ಶು, ಕಾರ್ಬನ್ನು ಹಾಕಿದ್ದಾಯಿತು, ಆಮೇಲೆ ಕೀಲಿಯ ಸ್ವಿಚ್ಚೂ ಹೊಸದಾಯಿತು. ಜೀಪು ಹಳೆಯ ಚಾಳಿ ಬಿಡಲಿಲ್ಲ. ಕೊನೆಗೆ ಸಿಕ್ಕಿದ್ದು ಎಂಜಿನ್ನಿಗೂ ಚಾಸಿಗೂ ನಡುವೆ ಇರುವ ಹೆಣೆದ ತಾಮ್ರದ ಅರ್ತ್ ಪಟ್ಟಿ. ಅದರ ಒಂದು ತುದಿಯ ಬೋಲ್ಟಿನ ಕೆಳಗೆ ತುಕ್ಕು ಕೂತಿತ್ತು. ಬಿಚ್ಚಿ, ಉಜ್ಜಿ, ಬಿಗಿ ಮಾಡಲು ಅರ್ಧ ಗಂಟೆ ಸಾಕಾಯಿತು. ನಾನು ಮೆಕ್ಯಾನಿಕ್ಕನ್ನು ದೂರುವುದಿಲ್ಲ. ಗಾಡಿ ಹಟ ಹಿಡಿದ ಗಳಿಗೆಯಲ್ಲಿ ಎದುರಿಗಿದ್ದವರು ಮನೆಯವರು, ನೋಡಬೇಕಾಗಿದ್ದವರೂ ಅವರೇ. ಆದರೆ ಅವರು ಬಾನೆಟ್ ಎತ್ತುವ ಮೊದಲೇ ನಾಲ್ಕು ಜನ ಸೇರಿ ನೂಕಿಯಾಗಿರುತ್ತಿತ್ತು. ಎಂಜಿನ್ ಹೊಡೆದುಕೊಂಡ ಮೇಲೆ ನೋಡುವುದಕ್ಕೆ ಏನು ಉಳಿದಿರುತ್ತದೆ?

ಆದುದರಿಂದ ನೂಕುವ ಮೊದಲು ಐದು ನಿಮಿಷ ತಡೆಯಿರಿ. ಗೇರು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು ಕೀಲಿ ತಿರುಗಿಸಿ ಕಿವಿಗೊಡಿ. ಸೆಲ್ಫೇ ತಿರುಗುತ್ತಿಲ್ಲವೋ, ಅಥವಾ ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯುತ್ತಿಲ್ಲವೋ? ಇವೆರಡೂ ಬೇರೆ ಬೇರೆ ಕಾಯಿಲೆಗಳು. ಎರಡನ್ನೂ "ಸ್ಟಾರ್ಟ್ ಆಗೋದಿಲ್ಲ" ಎಂಬ ಒಂದೇ ಮಾತಿನಲ್ಲಿ ಸೇರಿಸಿ ಗ್ಯಾರೇಜಿಗೆ ಹೇಳಿಕಳುಹಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಸೆಲ್ಫ್ ತಿರುಗದಿದ್ದರೆ ದೊಡ್ಡ ದೀಪ ಹಾಕಿ ಮತ್ತೊಮ್ಮೆ ಕೀಲಿ ತಿರುಗಿಸಿರಿ. ದೀಪ ತಟ್ಟನೆ ಆರಿಹೋದರೆ ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಹಿಡಿತವಿಲ್ಲ, ಇಲ್ಲವೆ ಬ್ಯಾಟರಿ ಪೂರ್ತಿ ಬರಿದಾಗಿದೆ. ದೀಪ ಮಂಕಾಗಿ ಸೆಲ್ಫ್ ನರಳಿದರೆ ಬ್ಯಾಟರಿ ಸೋತಿರಬಹುದು ಅಥವಾ ಸೆಲ್ಫ್ ಮೋಟಾರೇ ಬಿಗಿದಿರಬಹುದು. ದೀಪ ಕದಲದೆ ಉರಿಯುತ್ತಿದ್ದು, ಬರೀ 'ಟಿಕ್' ಎಂಬ ಸದ್ದು ಬಂದರೆ ಅಥವಾ ಅದೂ ಬಾರದಿದ್ದರೆ, ಕರೆಂಟು ಸೆಲ್ಫಿನವರೆಗೆ ಹೋಗುತ್ತಿಲ್ಲ ಅಥವಾ ಎಂಜಿನ್ನಿನಿಂದ ಹಿಂದಿರುಗುತ್ತಿಲ್ಲ. ಸೊಲೆನಾಯ್ಡು, ಕೀಲಿಯ ಸ್ವಿಚ್ಚು, ಅರ್ತ್ ಪಟ್ಟಿ, ಈ ಮೂರರಲ್ಲಿ ಹುಡುಕಬೇಕು. ಅರ್ತ್ ಕೆಟ್ಟಾಗ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ದಾರಿ ಹುಡುಕುವುದರಿಂದ ಆ ಕೇಬಲ್ಲು ಕೈಗೆ ಬಿಸಿ ತಟ್ಟುವುದೂ ಉಂಟು.

"ಹಾರ್ನು ಬರ್ತದೆ, ದೀಪ ಉರೀತದೆ, ಆದ್ದರಿಂದ ಕರೆಂಟು ಸರಿಯಿದೆ" ಎಂಬ ವಾದ ನಮ್ಮಲ್ಲಿ ಬಹಳ. ಸ್ಪ್ರಿಂಕ್ಲರ್ ಹಾಕಿದವರಿಗೆ ಇದರ ತಪ್ಪು ಬೇಗ ತಿಳಿಯುತ್ತದೆ. ಪೈಪಿನಲ್ಲಿ ಅರ್ಧ ಕಸ ಕಟ್ಟಿದ್ದರೂ ಒಂದು ಕೊಳಾಯಿಯಲ್ಲಿ ನೀರು ಚೆನ್ನಾಗಿಯೇ ಬರುತ್ತದೆ, ಜೆಟ್ಟು ಮಾತ್ರ ತಿರುಗುವುದಿಲ್ಲ. ಎರಡು ದೊಡ್ಡ ದೀಪಗಳಿಗೆ ಬೇಕಾದ್ದು ಸುಮಾರು 10 ಆಂಪಿಯರ್. ಸೆಲ್ಫ್ ಎಳೆಯುವುದು 150ರಿಂದ 200, ಡೀಸೆಲ್ ಎಂಜಿನ್ನಿಗೆ ಇನ್ನೂ ಹೆಚ್ಚು. ತುಕ್ಕಿನ ಸಂದಿಯಲ್ಲಿ 10 ನುಸುಳುತ್ತದೆ, 200 ನುಸುಳುವುದಿಲ್ಲ. ಗಾಡಿ ಕುಲುಕಿ ಸಂದಿ ಸ್ವಲ್ಪ ಕೂಡಿಕೊಂಡ ದಿನ ಸೆಲ್ಫ್ ಹೊಡೆಯುತ್ತದೆ.

ಕೆಲವು ನೂರು ರೂಪಾಯಿಗೆ ಸಿಗುವ ಮೀಟರೊಂದು ಮನೆಯಲ್ಲಿರಲಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟು ತೋರಿಸಿದರೆ ತುಂಬಿದೆ, 12.2ಕ್ಕೆ ಬಂದಿದ್ದರೆ ಸುಮಾರು ಅರ್ಧಕ್ಕಿಳಿದಿದೆ. ಸೆಲ್ಫ್ ತಿರುಗುತ್ತಿರುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದುಂಟು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಗೂಟದ ಮೇಲೆಯೇ ಇಟ್ಟು (ಕ್ಲಿಪ್ಪಿನ ಮೇಲಲ್ಲ), ಇನ್ನೊಂದನ್ನು ಎಂಜಿನ್ನಿನ ಶುಭ್ರವಾದ ಲೋಹದ ಮೇಲಿಟ್ಟು, ಮತ್ತೊಬ್ಬರಿಂದ ಸೆಲ್ಫ್ ಹೊಡೆಸಬೇಕು. 0.3 ವೋಲ್ಟಿನೊಳಗಿದ್ದರೆ ಸರಿ. ಅರ್ಧ ವೋಲ್ಟು ದಾಟಿದರೆ ಅರ್ತಿನ ದಾರಿ ಕೆಟ್ಟಿದೆ. ಮೀಟರಿಲ್ಲದವರು ಜಂಪರ್ ವೈರಿನಿಂದ ನೆಗೆಟಿವ್ ಗೂಟಕ್ಕೂ ಎಂಜಿನ್ನಿಗೂ ನೇರ ಸಂಬಂಧ ಕೊಟ್ಟು ನೋಡಬಹುದು. ಕೂಡಲೇ ಸೆಲ್ಫ್ ಚುರುಕಾದರೆ ಕಳ್ಳ ಸಿಕ್ಕಂತೆಯೇ.

ಈ ಕಾಯಿಲೆ ಬಯಲುಸೀಮೆಗಿಂತ ನಮ್ಮಲ್ಲಿ ಹೆಚ್ಚೆಂಬುದಕ್ಕೆ ಮಳೆಯೊಂದೇ ಕಾರಣವಲ್ಲ. ಅಡಿಕೆಗೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತದ ಚೀಲ, ಬೋರ್ಡೋ ದ್ರಾವಣದ ಡ್ರಮ್ಮು ಎಲ್ಲವೂ ಜೀಪಿನ ಹಿಂದೆಯೇ ಹೋಗುತ್ತವೆ. ಮೈಲುತುತ್ತದ ನೀರು ಕಬ್ಬಿಣವನ್ನು ಹೇಗೆ ತಿನ್ನುತ್ತದೆಂದು ನಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಅದಕ್ಕಾಗಿಯೇ ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆನ್ನುವುದು. ಪಾತ್ರೆಗಿರುವ ಕಾಳಜಿ ಗಾಡಿಗಿಲ್ಲ! ಪೊಟ್ಯಾಷ್ ಚೆಲ್ಲಿದ ಕಡೆಯೂ ತುಕ್ಕು ಬೇಗ ಏಳುತ್ತದೆ. ಇನ್ನು ಕಾಫಿ ಗೋದಾಮಿನ ಪಕ್ಕ ನಿಲ್ಲಿಸಿದರೆ ಇಲಿಗಳು ವೈರು ಕಡಿಯುತ್ತವೆ; ಒಳಗಿನ ತಂತಿಯ ನಾಲ್ಕು ಎಳೆ ಉಳಿದಿದ್ದರೆ ಅದೂ ಒಂದು ದಿನ ಸರಿ, ಒಂದು ದಿನ ಇಲ್ಲ.

ಎರಡನೆಯ ಕಾಯಿಲೆಯಲ್ಲಿ, ಅಂದರೆ ಸೆಲ್ಫ್ ತಿರುಗಿ ಎಂಜಿನ್ ಹಿಡಿಯದಿದ್ದಾಗ, ಹವೆಯನ್ನು ನೋಡಬೇಕು. ಪಾಯಿಂಟು, ಡೆಲ್ಕೋ ಇರುವ ಹಳೆಯ ಪೆಟ್ರೋಲ್ ಕಾರು ಮಳೆಯ ಬೆಳಿಗ್ಗೆ ಮಾತ್ರ ಹಟ ಮಾಡಿದರೆ ಡೆಲ್ಕೋ ಕ್ಯಾಪಿನೊಳಗೆ ತೇವ ಅಥವಾ ಸಣ್ಣ ಸೀಳು ಇರುತ್ತದೆ. ಕತ್ತಲಲ್ಲಿ ಬಾನೆಟ್ ಎತ್ತಿ ಸೆಲ್ಫ್ ಹೊಡೆಸಿದರೆ ಪ್ಲಗ್ ವೈರುಗಳ ಮೈಮೇಲೆ ನೀಲಿ ಕಿಡಿ ಹರಿಯುವುದು ಕಾಣುತ್ತದೆ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬರುವಷ್ಟರಲ್ಲಿ ಕಾರು ಮುನಿಸಿಕೊಂಡು, ಅರ್ಧ ಗಂಟೆ ತಣಿದ ಮೇಲೆ ಹೊರಟರೆ, ಬಿಸಿಗೆ ಸೋಲುವ ಕಾಯಿಲ್ ಅಥವಾ ಕಂಡೆನ್ಸರ್ ಇರಬಹುದು. ಪೆಟ್ರೋಲು ಪೈಪಿನಲ್ಲೇ ಆವಿಯಾಗಿರಲೂಬಹುದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದ ಕೂಡಲೇ ಹೊರಟರೆ ಅದು ಆವಿ. ಪೆಟ್ರೋಲಿಗೆ 20 ಶೇಕಡಾ ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಎಥನಾಲು ತೇವವನ್ನು ಎಳೆದುಕೊಳ್ಳುವ ವಸ್ತು. ತಿಂಗಳುಗಟ್ಟಲೆ ನಿಂತ ಹಳೆಯ ಕಾರಿನಲ್ಲಿ ಟ್ಯಾಂಕಿನ ನೀರನ್ನೂ ರಬ್ಬರ್ ಪೈಪುಗಳನ್ನೂ ಈಗ ಮೊದಲಿಗಿಂತ ಹೆಚ್ಚಾಗಿ ಅನುಮಾನಿಸಬೇಕು.

ಡೀಸೆಲ್ ಜೀಪಿನಲ್ಲಿ ಸಾಮಾನ್ಯವಾಗಿ ಗಾಳಿಯದೇ ಕಾಟ. ಪೈಪಿನ ವಾಷರ್ ಸಡಿಲವಾಗಿದ್ದರೆ ರಾತ್ರಿ ಡೀಸೆಲ್ ಟ್ಯಾಂಕಿಗೆ ಇಳಿದು ಗಾಳಿ ಹೊಗುತ್ತದೆ. ಟ್ಯಾಂಕು ಮೇಲಾಗಿ, ಎಂಜಿನ್ ಕೆಳಗಾಗಿ ನಿಲ್ಲಿಸಿದ ದಿನ ಡೀಸೆಲ್ ಇಳಿದುಹೋಗುವುದಿಲ್ಲ, ಗಾಡಿ ಹೊರಡುತ್ತದೆ. ನೋಡಿ, ಇಳಿಜಾರು ಇಲ್ಲಿಯೂ ರೋಗವನ್ನು ಮುಚ್ಚಿಟ್ಟಿತು. ಕೈಪಂಪು ಒತ್ತಿದ ಮೇಲೆ ಹೊರಟರೆ ಗಾಳಿಯೇ ಸರಿ. ಚಳಿಗಾಲದ ಬೆಳಿಗ್ಗೆ ಮಾತ್ರ ತಕರಾರಾದರೆ ಹೀಟರ್ ಪ್ಲಗ್ಗು ನೋಡಿಸಿದರೆ ಸಾಕು.

ಇಷ್ಟನ್ನೂ ನಾವೇ ಏಕೆ ಮಾಡಬೇಕೆಂದು ಕೇಳುವವರಿದ್ದಾರೆ. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲಿ ನಿಂತಿತು, ಅಂಬಾಸಿಡರ್ ಅದೇ ವರ್ಷ ನಿಂತಿತು. ಈಗಿನ ಹುಡುಗರು ಗಾಡಿಗೆ ಯಂತ್ರ ಸಿಕ್ಕಿಸಿ ದೋಷ ಓದುವ ವಿದ್ಯೆ ಕಲಿತವರು, ಚೆನ್ನಾಗಿಯೇ ಕಲಿತಿದ್ದಾರೆ. ಆದರೆ ನಮ್ಮ ಜೀಪಿನಲ್ಲಿ ಆ ಯಂತ್ರ ಸಿಕ್ಕಿಸುವ ತೂತೇ ಇಲ್ಲ. ಪಾಯಿಂಟಿನ ಸಂದಿಯನ್ನು ಕಣ್ಣಲ್ಲೇ ಅಳೆಯುತ್ತಿದ್ದ ಮೇಸ್ತ್ರಿಗಳಿಗೆ ವಯಸ್ಸಾಯಿತು. ಗಾಡಿಯನ್ನು ಮಾರಿಬಿಡಿ ಎಂಬ ಸಲಹೆಯೂ ಬರುತ್ತದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದಾಗ ಹಲವರು ಮಾರಿದರು. ಹೊಸ ಗಾಡಿಯ ಕಂತು ಕಟ್ಟುವ ಶಕ್ತಿ ಎರಡು ಮೂರು ಎಕರೆಯ ಬೆಳೆಗಾರನಿಗೆ ಎಲ್ಲಿಂದ ಬರಬೇಕು? ಕಚ್ಚಾ ರಸ್ತೆಯಲ್ಲಿ ಹಳೆಯ ಜೀಪು ಮಾಡುವ ಕೆಲಸವನ್ನು ಹೊಸದು ಮಾಡುವುದೂ ಅನುಮಾನವೇ.

ನೂಕುವುದರಲ್ಲಿ ಅಪಾಯವೂ ಇದೆ. ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನ್ ನಡೆಯದಿದ್ದರೆ ಪೆಡಲು ಕಲ್ಲಿನಂತಾಗುತ್ತದೆ. ಹಿಂದೆ ಆಳುಗಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬಿಟ್ಟು, ಎಂಜಿನ್ ಹಿಡಿಯದೇ ಹೋದರೆ ಮುಂದಿನ ತಿರುವಿನಲ್ಲಿ ಏನು ಗತಿ? ಆಷಾಢದ ರಾತ್ರಿ ಹೆರಿಗೆನೋವಿನ ಹೆಂಗಸನ್ನು ಆಸ್ಪತ್ರೆಗೆ ಸಾಗಿಸಬೇಕಾದಾಗ, ಆಸ್ಪತ್ರೆಯ ಮುಂದಿನ ಸಮತಟ್ಟು ಜಾಗದಲ್ಲಿ ಗಾಡಿ ಹಟ ಹಿಡಿದರೆ ಅಲ್ಲಿ ನೂಕುವವರು ಯಾರು?

ಗಾಡಿಯಲ್ಲಿ ಒಂದು ಚಿಕ್ಕ ಪುಸ್ತಕ ಇಡಿ. ಹಟ ಹಿಡಿದ ದಿನ, ಮಳೆಯೋ ಬಿಸಿಲೋ, ಎಂಜಿನ್ ಬಿಸಿಯೋ ತಣ್ಣಗೋ, ಮೂತಿ ಯಾವ ಕಡೆಗಿತ್ತು, ಸೆಲ್ಫ್ ತಿರುಗಿತೋ ಇಲ್ಲವೋ, ಇಷ್ಟು ಬರೆದಿಡಿ. ನಾಲ್ಕು ಸಲದ ಬರಹ ಕೈಯಲ್ಲಿದ್ದರೆ ಮೆಕ್ಯಾನಿಕ್ಕಿಗೆ ಅಂದಾಜು ಮಾಡುವ ಕೆಲಸ ಉಳಿಯುವುದಿಲ್ಲ. ಹೊಸ ಬ್ಯಾಟರಿ ಹಾಕಿಸುವ ಮೊದಲು ಟರ್ಮಿನಲ್ಲುಗಳನ್ನು, ನೆಗೆಟಿವ್ ಮೊದಲು, ಬಿಚ್ಚಿ, ಅಡುಗೆ ಸೋಡದ ಬಿಸಿನೀರಿನಿಂದ ತೊಳೆದು, ಎಮರಿ ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸು ಹಚ್ಚಿರಿ. ಅರ್ತ್ ಪಟ್ಟಿಯ ಎರಡು ತುದಿಗೂ ಅದೇ ಉಪಚಾರವಾಗಲಿ.

ನಮ್ಮ ಸಂಘದ ಆಡಳಿತ ಮಂಡಳಿಗೂ ಒಂದು ವಿನಂತಿ. ಮೈಲುತುತ್ತದ ವಿತರಣೆಗೆಂದು ಮೇ ತಿಂಗಳಲ್ಲಿ ಸದಸ್ಯರೆಲ್ಲ ಗಾಡಿ ತೆಗೆದುಕೊಂಡು ಗೋದಾಮಿಗೆ ಹೇಗೂ ಬರುತ್ತೇವೆ. ಆ ದಿನಗಳಲ್ಲೊಂದು ದಿನ, ಹಳೆಯ ಕೆಲಸ ಬಲ್ಲ ಮೇಸ್ತ್ರಿಯೊಬ್ಬರನ್ನು ಮೀಟರು ಸಮೇತ ಕೂರಿಸಿ, ಅರ್ತ್ ಪಟ್ಟಿಗಳನ್ನು ಮಾರಾಟ ವಿಭಾಗದಲ್ಲಿ ಇರಿಸಿದರೆ, ಚೀಲ ಹೇರುವಷ್ಟರಲ್ಲಿ ಪ್ರತಿ ಗಾಡಿಯ ಪರೀಕ್ಷೆಯೂ ಮುಗಿದಿರುತ್ತದೆ.